ಎಮ್ಮೆ ಕಾಣುವ ಟಿವಿ

ರಸ್ತೆಯ ಹಂಪಿನ ಮೇಲೆ ಟೆಂಪೋ ಎಗರಿ ಟಿವಿಯ ಗಾಜು ಸೀಳಬಹುದಿತ್ತು. ಸೀಳಿದ್ದು ಮನೆಗೆ ಬಂದು ಡಬ್ಬಿ ಬಿಚ್ಚುವವರೆಗೆ ಗೊತ್ತಾಗದೆ, ಬಿಚ್ಚಿದ ಮೇಲೆ ಅಂಗಡಿಯವರು ‘ನೀವ ಒಡದೀರಿ’ ಅನ್ನಬಹುದಿತ್ತು. ಮುಗಿಲು ಕಪ್ಪಾಗಿತ್ತು, ಮಳೆ ಬರಬಹುದಿತ್ತು. ಟೆಂಪೋಗೆ ಹೊದಿಸಿದ ತಾಡಪತ್ರಿಯಲ್ಲಿ ಎರಡು ತೂತು ಇದ್ದದ್ದನ್ನು ನಾನೇ ಎಣಿಸಿದ್ದೆ. ಮನೆಯ ಗೋಡೆ ಹಳೆಯದು, ಹಚ್ಚಿದ ಮೊಳೆ ಮಣ್ಣಿನ ಸಮೇತ ಕಿತ್ತು ಬರಬಹುದಿತ್ತು. ಕರೆಂಟು ಒಮ್ಮೆಲೇ ಏರಬಹುದಿತ್ತು. ಬೆಚ್ಚಗಿದೆ ಅಂತ ಹಲ್ಲಿಯೊಂದು ಹಿಂದಿನಿಂದ ಒಳಹೊಕ್ಕು ಅಲ್ಲೇ ಸಂಸಾರ ಹೂಡಬಹುದಿತ್ತು. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಪರದೆಯ ಮೇಲೆ ಕಲೆ ಉಳಿಯುತ್ತದೆ ಅಂತ ಫೋನಿನಲ್ಲಿ ಓದಿದ್ದೆ, ಅದೂ ಆಗಬಹುದಿತ್ತು. ಓಣಿಯವರ ಕಣ್ಣು ತಾಗಬಹುದಿತ್ತು. ಇವೆಲ್ಲದರ ಅಡಿಗೆ, ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಒಂದು ಹೆದರಿಕೆ ಇತ್ತು. ಟಿವಿ ಹಚ್ಚಿದ ಮೇಲೆ ನನ್ನ ಮಗಳು ಮತ್ತೆ ಬೀಳಬಹುದಿತ್ತು.

ನಾನು ವಿಮೆ ಏಜೆಂಟ. ಏನೇನು ಕೆಡಬಹುದು ಅಂತ ಊರವರ ಮುಂದೆ ಪಟ್ಟಿ ಹೇಳುವುದೇ ನನ್ನ ಹೊಟ್ಟೆಪಾಡು. ಬೇರೆಯವರಿಗೆ ಹೇಳಿ ಮನೆಗೆ ಬಂದ ಮೇಲೂ ಆ ಯಂತ್ರ ನಿಲ್ಲುವುದಿಲ್ಲ, ಅಷ್ಟೇ.

ಆ ದಿನ ಬೆಳಗಾವಿಯಿಂದ ಬೈಲಹೊಂಗಲಕ್ಕೆ ಬರುವಾಗ ನಾನು ಟೆಂಪೋದ ಮುಂದೆ ಡ್ರೈವರನ ಪಕ್ಕ ಕೂತು ಈ ಪಟ್ಟಿ ಮಾಡುತ್ತಿದ್ದರೆ, ಊರಿನ ಟಿವಿ ರಿಪೇರಿ ಮಾಡುವ ಟಿವಿ ಕಾಕಾ ಹಿಂದೆ ಆ ದೊಡ್ಡ ಡಬ್ಬಿಯ ಜೊತೆ ಕೂತಿದ್ದರು. ಬಲಗೈಯಲ್ಲಿ ಡಬ್ಬಿ. ಎಡಗೈ ಪ್ಯಾಂಟಿನ ಕಿಸೆಯಲ್ಲಿ. ಎಪ್ಪತ್ತರ ಹತ್ತಿರ ಬಂದ ಮನುಷ್ಯ, ಅಂಥ ರಸ್ತೆಯಲ್ಲಿ, ಒಂದೇ ಕೈಯಲ್ಲಿ! ಕಿಟಕಿಯಿಂದ ತಲೆ ಹೊರಹಾಕಿ ‘ಕಾಕಾ, ಎರಡೂ ಕೈಲೆ ಹಿಡೀರಿ’ ಅಂತ ಕೂಗಿದೆ.

‘ನೀವು ಮುಂದ ನೋಡ್ರಿ ಏಜೆಂಟ್ರ,’ ಅಂದರು. ‘ಟಿವಿ ಬೀಳಂಗಿಲ್ಲ. ನೀವ ಬೀಳತೀರಿ ಕಿಡಕ್ಯಾಗಿಂದ.’

ಅವರ ಎಡ ಕಿಸೆ ಸಾಮಾನ್ಯ ಕಿಸೆಯಲ್ಲ. ದರ್ಜಿಗೆ ಹೇಳಿ ಒಂದು ಗೇಣು ಆಳ ಮಾಡಿಸುತ್ತಿದ್ದರು. ಯಾವ ಪ್ಯಾಂಟಾದರೂ ಮೊದಲು ಬಣ್ಣ ಹೋಗುತ್ತಿದ್ದುದು ಆ ಕಿಸೆಯ ಬಾಯಲ್ಲಿ. ಪ್ಯಾಟೆಯ ಓಣಿಯಲ್ಲಿ ಅವರ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊರಗೆ ನಿಂತೇ ಮಾತಾಡಬೇಕು. ಕಪಾಟಿನ ಮೇಲೆ ಒಂದು ಸಣ್ಣ ಬುದ್ಧನ ಮೂರ್ತಿ, ಅದರ ಪಕ್ಕ ಸತ್ತುಹೋದ ಪಿಕ್ಚರ್ ಟ್ಯೂಬು. ಎರಡರ ಮೇಲೂ ಧೂಳು ಇರುತ್ತಿರಲಿಲ್ಲ.

ನನಗೆ ಅವರ ಪರಿಚಯ ಆದದ್ದು ಮದುವೆಯಾದ ಹೊಸದರಲ್ಲಿ. ಹೆಂಡತಿಯ ತವರು ರಾಮದುರ್ಗ. ಅಲ್ಲಿಂದ ಬಂದ ಬಣ್ಣದ ಟಿವಿ ಒಂದು ವಾರದಲ್ಲಿ ಕೆಟ್ಟಿತು. ಚಿತ್ರ ಹೋಗಿ ನಡುವೆ ಒಂದೇ ಒಂದು ಬಿಳಿ ಗೆರೆ ಉಳಿಯಿತು. ಕಾಕಾನ್ನ ಕರೆಸಿದೆವು. ಆಗ ಮನೆಯಲ್ಲಿ ನನ್ನ ಅಜ್ಜಿ ಇದ್ದಳು, ಎಲ್ಲರೂ ಆಯಿ ಅನ್ನುತ್ತಿದ್ದೆವು. ಕಾಕಾ ಯಾವ ಓಣಿಯವರು ಅನ್ನುವುದು ಆಯಿಗೆ ಗೊತ್ತಿತ್ತು. ಒಳಗೆ ಬರಬೇಡ ಅಂತ ಅವರಿಗೆ ಹೇಳಲಿಲ್ಲ. ಅವರು ಬರುವ ಮೊದಲೇ ಇಬ್ಬರು ಆಳು ಹಚ್ಚಿ ಟಿವಿಯನ್ನೇ ಹೊರಗಿನ ಕಟ್ಟೆಗೆ ಹೊರಿಸಿಬಿಟ್ಟಳು. ಕಾಕಾ ಬಂದವರು ಕಟ್ಟೆ ನೋಡಿದರು, ಟಿವಿ ನೋಡಿದರು, ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಆಯಿಗೂ ಹೆದರುವವನೇ ನಾನು.

ಬಿಸಿಲಲ್ಲಿ ಕೂತು ಹಿಂದಿನ ಹೊದಿಕೆ ಬಿಚ್ಚಿ ಕೆಲಸ ಮಾಡಿದರು. ಮುಗಿದ ಮೇಲೆ, ‘ಆಯಿ, ಬಿಸಲಾಗ ಚಿತ್ರ ಕಾಣಂಗಿಲ್ರಿ. ಒಂದೀಟ ಕತ್ತಲ ಕೊಡ್ರಿ,’ ಅಂದರು. ಆಯಿ ಒಂದು ಹಳೆಯ ಕೌದಿ ಎಸೆದಳು. ಟಿವಿಯ ಮೇಲೂ ತಮ್ಮ ಮೇಲೂ ಕೌದಿ ಎಳೆದುಕೊಂಡು ಒಳಗೆ ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ದನಿ ಬಂತು: ‘ಚಿತ್ರ ಬಂತು ನೋಡ್ರಿ ಆಯಿ. ದೇವರ ಕಥಿ ನಡದೈತಿ. ನೋಡೂದಿದ್ರ ಕೌದಿ ಒಳಗ ಬರ್ರಿ.’

ಆಯಿ ಬಾಗಿಲಲ್ಲೇ ನಿಂತಿದ್ದಳು. ಓಣಿಯ ಆ ತುದಿ ಈ ತುದಿ ನೋಡಿದಳು. ಒಳಗೆ ದೇವರ ಕಥೆಯ ಹಾಡು ಶುರುವಾಯಿತು. ಆಯಿ ಕಟ್ಟೆಗೆ ಇಳಿದಳು, ಬಗ್ಗಿದಳು, ಸೆರಗು ಸರಿ ಮಾಡಿಕೊಂಡು ಕೌದಿಯ ಒಳಗೆ ತಲೆ ಹಾಕಿದಳು. ಹೊರಗೆ ನಿಂತ ನಮಗೆ ಕಂಡದ್ದು ಒಂದು ಕೌದಿ ಮತ್ತು ಎರಡು ಬೆನ್ನು.

ಮುಂದಿನ ಸಲ ಕೆಟ್ಟಾಗ ಆಯಿ ಟಿವಿಯನ್ನು ಹೊರಗೆ ಹೊರಿಸಲಿಲ್ಲ. ಮನಸ್ಸು ಬದಲಾಗಿತ್ತೋ, ಹೊರುವವರು ಸಿಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಎರಡನೆಯ ಸಲವೇ ನಾನು ಟಿವಿಯ ಹಿಂದೆ ಕೈ ಹಾಕಲು ಹೋಗಿ ಅವರ ಕೈಯಿಂದ ಫಟ್ಟನೆ ಏಟು ತಿಂದದ್ದು. ‘ಬಂದ್ ಮಾಡೇನ್ರಿ ಕಾಕಾ’ ಅಂದೆ. ‘ಬಂದ್ ಮಾಡಿದ್ರೇನಾತು? ಟ್ಯೂಬಿನಾಗ ಕರೆಂಟ ಕುಂತಿರತೈತಿ,’ ಅಂದರು. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ಎರಡೂ ಕೈ ಒಳಗೆ ಹಾಕಿ ಗೋಡೆಗೆ ಹಾರಿಬಿದ್ದಿದ್ದರಂತೆ. ಎದೆ ಒಂದು ಗಳಿಗೆ ನಿಂತೇ ಹೋಗಿತ್ತಂತೆ. ಅವತ್ತು ಅವರ ಉಸ್ತಾದರು ಹೇಳಿದ ಮಾತನ್ನು ನನಗೂ ಹೇಳಿದರು: ‘ಎರಡೂ ಕೈ ಹಾಕಿದ್ರ ಕರೆಂಟ ಒಂದರಾಗಿಂದ ಹೊಕ್ಕು, ಎದಿ ದಾಟಿ, ಇನ್ನೊಂದರಾಗಿಂದ ಹೊರಗ ಬೀಳತೈತಿ. ಒಂದು ಕೈ ಕಿಸೇದಾಗ ಇದ್ರ ಅದಕ್ಕ ಆ ದಾರಿ ಸಿಗಂಗಿಲ್ಲ.’ ಪಿಕ್ಚರ್ ಟ್ಯೂಬಿನ ಕಾಲ ಮುಗಿದು, ಗೋಡೆಗೆ ಅಂಟುವ ಟಿವಿ ಬಂದರೂ ಆ ಕೈ ಹೊರಬರಲಿಲ್ಲ. ರಿಮೋಟಿಗೆ ಸೆಲ್ಲು ಹಾಕುವಾಗಲೂ ಒಂದೇ ಕೈ. ಮುಚ್ಚಳವನ್ನು ಹೆಬ್ಬೆರಳಿನಿಂದ ತೆಗೆದು, ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು.

ಇನ್ನು ಮಗಳ ಸಂಗತಿ. ಹತ್ತನೆಯ ತರಗತಿಯ ರಜೆಯಲ್ಲಿ, ಮಧ್ಯಾಹ್ನ, ಮಲಗುವ ಕೋಣೆಯಲ್ಲಿ ಪರದೆ ಎಳೆದುಕೊಂಡು ಸಣ್ಣ ಟಿವಿಯ ಮುಂದೆ ಮೂಗು ತಾಗುವಷ್ಟು ಹತ್ತಿರ ಕೂತು ಗೇಮ್ ಆಡುತ್ತಿದ್ದಳು. ದಪ್ ಅಂತ ಸದ್ದು ಬಂತು. ಹೋಗಿ ನೋಡಿದರೆ ನೆಲದ ಮೇಲೆ ಬಿದ್ದು ಕೈಕಾಲು ಸೆಳೆಯುತ್ತಿದ್ದವು. ಟಿವಿಯಲ್ಲಿ ಗಾಡಿಗಳು ಇನ್ನೂ ಓಡುತ್ತಿದ್ದವು. ಎಷ್ಟು ಹೊತ್ತು ಇತ್ತು ಅಂತ ಡಾಕ್ಟರು ಕೇಳಿದರು. ಎರಡು ನಿಮಿಷ ಅಂದಳು ಹೆಂಡತಿ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಈಕೆಗೆ ಬೆಳಕಿನ ಮಿಂಚಾಟ ಆಗಿಬರುವುದಿಲ್ಲ ಅಂದರು. ಗುಳಿಗೆ ಕೊಟ್ಟರು. ಟಿವಿ ತೆಗೆಸಿದೆವು. ಗೇಮಿನ ಡಬ್ಬಿಯನ್ನು ಹೆಂಡತಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಕಪಾಟಿನ ಮೇಲಿಟ್ಟಳು. ಮಗಳು ಜಗಳ ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು. ಆಡುವ ರಿಮೋಟೊಂದನ್ನು ಮಾತ್ರ ಕೈಯಲ್ಲಿ ಇಟ್ಟುಕೊಂಡು, ನಮ್ಮ ಜೊತೆ ಮಾತಾಡುವಾಗ, ಊಟಕ್ಕೆ ಕಾಯುವಾಗ, ಬರಿದೇ ಅದರ ಗುಂಡಿ ಒತ್ತುತ್ತ ಕೂಡುತ್ತಿದ್ದಳು. ಟಿಕ್ ಟಿಕ್ ಅಂತ. ಎರಡು ವರ್ಷ ಆ ಸದ್ದು ಕೇಳಿದೆವು. ಎರಡು ವರ್ಷ ಮತ್ತೇನೂ ಆಗಲಿಲ್ಲ. ಪಿಯುಸಿ ಪಾಸಾದಳು. ಡಾಕ್ಟರು, ‘ಇನ್ನ ಆಡಲಿ ಬಿಡ್ರಿ. ಗುಳಿಗಿ ತಪ್ಪಿಸಬಾರದು. ಕೋಣ್ಯಾಗ ಬೆಳಕಿರಬೇಕು, ದೂರ ಕುಂದ್ರಬೇಕು, ಟಿವಿ ಬೆಳಕ ಕಡಿಮಿ ಇರಬೇಕು, ಅರ್ಧ ತಾಸಿನ ಮ್ಯಾಲ ಬ್ಯಾಡ. ಏನರ ವಿಚಿತ್ರ ಅನಿಸಿದ್ರ ಒಂದು ಕಣ್ಣು ಅಂಗೈಲೆ ಮುಚ್ಚಿ ಮಾರಿ ತಿರಿಗಿಸಬೇಕು,’ ಅಂದರು. ಮಗಳು ನಕ್ಕಳು. ನಾವಿಬ್ಬರೂ ಬಸ್ಸಿನಲ್ಲಿ ಆಕೆಯ ಎರಡೂ ಪಕ್ಕ ಕೂತು ಬಂದೆವು.

ಮರುದಿನ ಕಾಕಾನ ಅಂಗಡಿಗೆ ಹೋದೆ. ಬ್ಯಾಡ ಅಂತ ಹೇಳಿಸಿಕೊಳ್ಳುವುದಕ್ಕೇ ಹೋಗಿದ್ದೆ ಅಂದರೂ ತಪ್ಪಲ್ಲ. ಸಣ್ಣದು ಒಂದು ಸಾಕಲ್ಲ ಅಂದೆ. ಅವರು ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿಸಿದರು.

‘ಸಣ್ಣದು ಬ್ಯಾಡ. ಹಲಕಾ ಟಿವಿ ಬೆಳಕ ಕಡಿಮಿ ಮಾಡಿದ್ರ ಚಿತ್ರ ರಾಡಿ ಆಗತೈತಿ. ಕಾಣಂಗಿಲ್ಲ ಅಂತ ಹುಡಿಗಿ ಮುಂದ ಮುಂದ ಸರೀತಾಳ. ಸರದ್ಲಂದ್ರ ಡಾಕ್ಟರ ಹೇಳಿದ್ದೆಲ್ಲಾ ನೀರಾಗ ಹೋತು. ಬೆಳಕ ಇಳಿಸಿದ್ರೂ ಚಿತ್ರ ಉಳಿಯೂ ಅಂಥಾದ್ದು ಬೇಕು. ಹತ್ತ ಫೂಟ ದೂರ ಕುಂತ್ರೂ ಕಾಣೂ ಅಂಥಾದ್ದು ಬೇಕು. ಅದು ದೊಡ್ಡ ಮಾಲು. ಮತ್ತ ಹುಡಿಗಿನ ಕರಕೊಂಡು ಹೋಗಬೇಕು. ಅಂಗಡ್ಯಾಗ ಆಡಿ ನೋಡಬೇಕು.’

‘ಅಂಗಡ್ಯಾಗ?’ ಅಂದೆ. ‘ಅಲ್ಲೇ ಏನರ ಆದ್ರ?’

‘ಮನ್ಯಾಗ ಆದ್ರ ನಡೀತೈತೇನು?’

ಹೀಗೆ ನಾವು ನಾಲ್ವರು ಬೆಳಗಾವಿಯ ದೊಡ್ಡ ಅಂಗಡಿಗೆ ಹೋದದ್ದು. ಮಗಳ ತೊಡೆಯ ಮೇಲೆ ಗೇಮಿನ ಡಬ್ಬಿ, ಹೆಂಡತಿಯ ಮುಷ್ಟಿಯಲ್ಲಿ ಬೀಗದ ಕೈಯ ಗೊಂಚಲು. ಫಿಟ್ಸ್ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ ಏನೂ ಆಗದು, ಹಿಡಿಸಲೂಬೇಡಿ ಅಂತ ಡಾಕ್ಟರು ಸ್ಪಷ್ಟ ಹೇಳಿದ್ದರು. ಆಕೆ ಹಿಡಿಸುವುದಿಲ್ಲ ಅಂದಿದ್ದಳು. ತರುವುದಿಲ್ಲ ಅಂದಿರಲಿಲ್ಲ.

ಅಂಗಡಿಯ ತುಂಬ ಟಿವಿಗಳಲ್ಲಿ ಗಿಳಿ ಹಾರುತ್ತಿದ್ದವು, ಹಣ್ಣು ಒಡೆದು ರಸ ಚಿಮ್ಮುತ್ತಿತ್ತು. ಅಷ್ಟು ಕೆಂಪು ದಾಳಿಂಬೆಯನ್ನು ನಾನು ಎಲ್ಲೂ ನೋಡಿಲ್ಲ. ಮಾರುವ ಹುರುಪಿನ ಸೇಲ್ಸ್‌ಮನ್ ಒಂದರ ಮುಂದೆ ನಿಲ್ಲಿಸಿ, ‘ಸರ್, ಇದರ ಬ್ರೈಟ್‌ನೆಸ್ ನೋಡ್ರಿ. ಬಿಸಲಾಗ ಇಟ್ರೂ ಕಾಣತೈತಿ,’ ಅಂದ.

‘ಇವರ ಮನ್ಯಾಗ ಟಿವಿ ಬಿಸಲಾಗ ಇಡೂ ಪದ್ಧತಿ ಬಿಟ್ಟು ಭಾಳ ದಿನಾ ಆತು,’ ಅಂದರು ಕಾಕಾ. ನನ್ನ ಕಡೆ ನೋಡಲಿಲ್ಲ. ನಾನು ದಾಳಿಂಬೆ ನೋಡಿದೆ.

ಅಂಗಿಯ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಕೊಟ್ಟರು. ‘ನಿಮ್ಮ ಗಿಳಿ ಬಂದ್ ಮಾಡ್ರಿ. ನಮ್ಮ ಎಮ್ಮಿ ಹಾಕ್ರಿ.’

ಎಮ್ಮೆ ಅವರ ತಂಗಿಯದು. ಸುರೇಬಾನದಲ್ಲಿ, ದೀಪ ಹಚ್ಚುವ ಹೊತ್ತಿಗೆ, ದನದ ಕೊಟ್ಟಿಗೆಯಲ್ಲಿ ಒಂದೇ ಬಲ್ಬಿನ ಬೆಳಕಲ್ಲಿ ಕಾಕಾ ಅದನ್ನು ತಾವೇ ಫೋನಿನಲ್ಲಿ ಹಿಡಿದಿದ್ದರು. ಮೂರು ನಿಮಿಷ ಎಮ್ಮೆ ಮೇಯುತ್ತದೆ, ಒಮ್ಮೆ ತಲೆ ಎತ್ತಿ ನೋಡುತ್ತದೆ, ಅಷ್ಟೇ. ಬೈಲಹೊಂಗಲದಲ್ಲಿ ಯಾರಾದರೂ ಹೊಸ ಟಿವಿ ಕೊಳ್ಳುವಾಗ ಕಾಕಾನ್ನ ಕರೆದೊಯ್ದರೆ ಈ ಎಮ್ಮೆಯೂ ಜೊತೆಗೆ ಹೋಗುತ್ತಿತ್ತು. ‘ಹಣ್ಣು ಹೂವು ಎಲ್ಲಾ ಟಿವಿನೂ ತೋರಸ್ತಾವು. ಕತ್ತಲದಾಗ ಕರೇ ಎಮ್ಮಿ ತೋರಸೂದು ಬ್ಯಾರೆ. ಕಿವಿ, ಬೆನ್ನ ಮ್ಯಾಲಿನ ಕೂದಲ, ಹಿಂದಿನ ಗ್ವಾಡಿ, ಮೂರೂ ಬ್ಯಾರೆ ಬ್ಯಾರೆ ಕಾಣಬೇಕು. ಬರೇ ಎರಡು ಕಣ್ಣ ಕಂಡ್ರ ಆ ಟಿವಿ ಬಿಟ್ಟುಬಿಡ್ರಿ.’

ಮೊದಲ ಟಿವಿಯ ಬೆಳಕು ಇಳಿಸಿದರು. ಎಮ್ಮೆ ಕತ್ತಲಲ್ಲಿ ಕರಗಿತು, ಬಲ್ಬಿನ ಸುತ್ತ ಮಾತ್ರ ಮಂಜು ಕಟ್ಟಿದಂತೆ ಬೆಳ್ಳಗೆ. ಆಮೇಲೆ ಕಾಕಾ ತಮ್ಮ ಟೆಸ್ಟರ್ ತೆಗೆದು ಪರದೆಯ ಮುಂದೆ ಬೀಸಣಿಕೆಯ ಹಾಗೆ ಜೋರಾಗಿ ಆಡಿಸಿದರು. ಒಂದು ಟೆಸ್ಟರ್ ಹತ್ತಾಗಿ ಕಂಡಿತು, ಬಿಡಿಬಿಡಿಯಾಗಿ.

‘ಬೆಳಕ ಇಳಿಸಿದ ಕೂಡ್ಲೆ ಇದು ಕಣ್ಣ ಮಿಟಕಸಾಕ ಹತ್ತೈತಿ. ಹತ್ತಿ ಆರಿ, ಹತ್ತಿ ಆರಿ. ಇಷ್ಟು ಜಲ್ದಿ ಮಿಟಕಸಿದ್ರ ಏನಾಗತೈತೋ ಇಲ್ಲೋ ನನಗ ಗೊತ್ತಿಲ್ಲ, ನಾ ಡಾಕ್ಟರ ಅಲ್ಲ. ಆದರ ನಮ್ಮ ಹುಡಿಗಿಗೆ ಇದು ಬ್ಯಾಡ.’

ಎರಡನೆಯದು ಓಎಲ್‌ಇಡಿ. ಅದರ ಹಿಂದೆ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ ಅಂತ ಕಾಕಾ ಹೇಳಿದರು. ಬೆಳಕು ಇಳಿಸಿದರು. ಎಮ್ಮೆ ನಿಂತಿತ್ತು. ಕಿವಿ, ಕೂದಲು, ಗೋಡೆ. ಗೋಡೆಗೆ ತಟ್ಟಿದ ಸಗಣಿ ಕುಳ್ಳಿನ ಗುರುತು ಸಹ. ಟೆಸ್ಟರ್ ಆಡಿಸಿದರು, ಬರೀ ಮಸುಕು ಗೆರೆ, ಒಂದೇ. ಸೇಲ್ಸ್‌ಮನ್ನೂ ಬಗ್ಗಿ ಎಮ್ಮೆ ನೋಡತೊಡಗಿದ.

‘ಈಗ ಹಚ್ಚು ತಂಗೀ ನಿನ್ನ ಡಬ್ಬಿ,’ ಅಂದರು.

ಹತ್ತು ಅಡಿ ಅಳೆದು ಕುರ್ಚಿ ಹಾಕಿದರು. ಪಕ್ಕದ ಟಿವಿಗಳನ್ನೆಲ್ಲ ಬಂದ್ ಮಾಡಿಸಿದರು. ತಾವು ಮಗಳ ಪಕ್ಕ ಒಂದು ಸ್ಟೂಲಿನಲ್ಲಿ ಕೂತರು. ಸಮುದ್ರದ ದಂಡೆಯ ರಸ್ತೆಯಲ್ಲಿ ಗಾಡಿ ಓಡಿಸುವ ಆಟ. ಎರಡು ವರ್ಷದ ಮೇಲೆ ಆ ಟಿಕ್ ಟಿಕ್‌ಗೆ ಎದುರಿಗೆ ಏನೋ ಓಡಾಡಿತು. ನಾನು ನೋಡುತ್ತಿದ್ದದ್ದು ಮಗಳ ರೆಪ್ಪೆ, ತುಟಿ, ಬೆರಳು. ಹೆಂಡತಿಯ ಕೈಯಲ್ಲಿ ಗೊಂಚಲು ಸಣ್ಣಗೆ ಸದ್ದು ಮಾಡುತ್ತಿತ್ತು.

‘ಅಪ್ಪಾ, ನನ್ನ ಮಾರಿ ನೋಡೂದು ಬಿಡು. ಟಿವಿ ನೋಡು. ತೊಗೊಳ್ಳಾವ ನೀನ.’

‘ನೋಡಾಕ ಹತ್ತೇನಿ’ ಅಂದೆ, ಆಕೆಯ ಮಾರಿ ನೋಡುತ್ತ.

‘ಗುಂಡಿ ಒತ್ತಿದ ಕೂಡ್ಲೆ ಗಾಡಿ ತಿರಗತೈತೋ, ವಿಚಾರ ಮಾಡಿ ತಿರಗತೈತೋ?’ ಕಾಕಾ ಕೇಳಿದರು.

‘ಹಳೇದು ನಮ್ಮ ಅಪ್ಪನಂಗ ವಿಚಾರ ಮಾಡತಿತ್ತು ಕಾಕಾ. ಇದು ಕೂಡ್ಲೆ ತಿರಗತೈತಿ.’

ಎಲ್ಲರೂ ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ಮಗಳ ಬಲ ಅಂಗೈ ಬಲಗಣ್ಣಿನ ಮೇಲೆ ಹೋಯಿತು. ಮುಖ ಪಕ್ಕಕ್ಕೆ ತಿರುಗಿತು. ರಿಮೋಟು ತೊಡೆಗೆ ಬಿತ್ತು.

ಓಡಬೇಕು ಅಂತ ಗೊತ್ತಿದ್ದರೂ ನಿಂತಲ್ಲೇ ನಿಂತೆ. ಹೆಂಡತಿಯ ಗೊಂಚಲು ನೆಲಕ್ಕೆ ಬಿದ್ದ ಸದ್ದು ಕೇಳಿತು. ಆಗ ನಾನು ಕಾಕಾನ್ನ ನೋಡಿದೆ. ಅವರ ಎರಡೂ ಕೈ ಹೊರಗಿದ್ದವು. ಮಗಳ ಎರಡೂ ಹೆಗಲಿನ ಪಕ್ಕ, ಮುಟ್ಟದೆ, ಒಂದು ಗೇಣು ದೂರದಲ್ಲಿ, ತುಂಬಿದ ಕೊಡ ಇಳಿಸಿಕೊಳ್ಳುವವರ ಹಾಗೆ. ಇಪ್ಪತ್ತೈದು ವರ್ಷದ ಪರಿಚಯದಲ್ಲಿ ಆ ಎಡ ಅಂಗೈಯನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ಬುಡದಲ್ಲಿ ಕಾಳಿನಷ್ಟು ಸುಟ್ಟ ಕಲೆ ಇತ್ತು.

ಮಗಳು ಕೈ ತೆಗೆದಳು. ಕಣ್ಣು ಪಿಳಿಪಿಳಿ ಮಾಡಿದಳು. ‘ಏನಿಲ್ಲ. ಸುರಂಗ ಬಂತು, ದೀಪ ಒಂದರ ಹಿಂದ ಒಂದು ಬಡದ್ವು. ಡಾಕ್ಟರ ಹೇಳಿದಂಗ ಮಾಡಿದೆ.’ ನಮ್ಮನ್ನು ನೋಡಿ, ‘ಯಾಕ ಎಲ್ಲಾರೂ ಹಿಂಗ ನಿಂತೀರಿ?’ ಅಂದಳು.

‘ಶಾಣ್ಯಾಕಿ,’ ಅಂದರು ಕಾಕಾ. ಎಡಗೈ ಮೆಲ್ಲಗೆ ಕಿಸೆಗೆ ಹೋಯಿತು. ‘ನಿಮ್ಮ ಅಪ್ಪಗ ನೀರ ಕುಡಸ್ರಿ ಯಾರರ.’

ನಾನು ಬೇಡವೇ ಬೇಡ ಅಂದೆ. ಆದರೆ ಹೆಂಡತಿ, ಎರಡು ವರ್ಷ ಟಿವಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಾಕೆ, ಬಗ್ಗಿ ಗೊಂಚಲು ಎತ್ತಿಕೊಂಡು ಚೀಲದ ತಳಕ್ಕೆ ಹಾಕಿದಳು. ‘ಆಕಿಗೆ ಯಾವಾಗ ಕಣ್ಣ ಮುಚ್ಚಬೇಕು ಅಂತ ಗೊತ್ತೈತಿ. ತೊಗೊಳ್ರಿ,’ ಅಂದಳು. ತೊಗೊಂಡೆವು. ತಾಯಿ ಮಗಳು ಬಸ್ಸಿಗೆ ಹೋದರು. ನಾನು, ಕಾಕಾ, ಟಿವಿ ಟೆಂಪೋದಲ್ಲಿ. ಮಲಗಿಸಿದರೆ ಗಾಜಿಗೆ ಪೆಟ್ಟು ಅಂತ ದಾರಿಯುದ್ದಕ್ಕೂ ಡಬ್ಬಿ ನಿಲ್ಲಿಸಿಯೇ ತಂದರು.

ಮರುದಿನ ಬಡಿಗನನ್ನು ಕರೆದು ಗೋಡೆಗೆ ಹಚ್ಚಿಸಿದರು. ನಡುಮನೆಯಲ್ಲಿ, ಹಿರಿಯರ ಫೋಟೋಗಳ ಕೆಳಗೆ. ಗೆರೆ ಎಳೆದದ್ದು ಕಾಕಾ, ಕಣ್ಣಳತೆಯಲ್ಲಿ, ಪೆನ್ಸಿಲ್ ಒಂದು ಕೈಯಲ್ಲಿ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದರು, ಬೆಳಕು ಇಳಿಸಿದರು, ಹಗಲಿದ್ದರೂ ನಡುಮನೆಯ ದೀಪ ಹಚ್ಚಿಸಿದರು. ಹತ್ತು ಅಡಿ ಅಳೆದು ನೆಲಕ್ಕೆ ಕರಿ ಟೇಪು ಅಂಟಿಸಿ, ‘ಕುರ್ಚಿ ಕಾಲು ಇದನ್ನ ದಾಟಿದ್ರ ನಾ ಬಂದು ಟಿವಿ ಬಿಚಗೊಂಡ ಹೋಗತೇನಿ’ ಅಂತ ಮಗಳಿಗೆ ತಾಕೀತು ಮಾಡಿದರು. ಅರ್ಧ ತಾಸು ಆಡಿದಳು. ಏನೂ ಆಗಲಿಲ್ಲ. ಗಾಜು ಒಡೆಯಲಿಲ್ಲ, ಮೊಳೆ ಕೀಳಲಿಲ್ಲ, ಕರೆಂಟು ಏರಲಿಲ್ಲ, ಮಳೆ ಸಹ ಬರಲಿಲ್ಲ.

ಆಟ ನಿಲ್ಲಿಸಿ ಮಗಳು ತಲೆ ವಾಲಿಸಿ ನೋಡಿದಳು. ‘ಕಾಕಾ, ಸಮುದ್ರ ಎಡಕ್ಕ ಹರದು ಹೊಂಟೈತಿ.’

ಕಾಕಾ ಹಿಂದೆ ಸರಿದು ನೋಡಿದರು. ಹೌದು, ಎಡಕ್ಕೆ ಅರ್ಧ ಬೆರಳು ಇಳಿದಿತ್ತು. ಕೆಳಗಿನಿಂದ ಮೇಲೆ ನೋಡುತ್ತ ಹೋಗಿ ಅವರ ಕಣ್ಣು ಆಯಿಯ ಫೋಟೋದ ಮೇಲೆ ನಿಂತಿತು. ಜೋರಾಗಿ ನಕ್ಕರು.

‘ಆಯಿ ಫೋಟೋ ನೋಡಿ ಗೆರಿ ಹೊಡದೆ ಏಜೆಂಟ್ರ. ಆಯಿನ ಸೊಟ್ಟ ನಿಂತಾಳ!’

ಫೋಟೋಗಳನ್ನು ತೂಗುಹಾಕಿದ ಮರದ ಪಟ್ಟಿ ನನ್ನ ಅಪ್ಪ ಹಚ್ಚಿಸಿದ್ದು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಹಿರಿಯರೆಲ್ಲ ಎಡಕ್ಕೆ ವಾಲಿಯೇ ನಿಂತಿದ್ದರು, ಯಾರೂ ನೋಡಿರಲಿಲ್ಲ. ‘ಐತವಾರ ಗೌಂಡಿ ಕಡೆಯಿಂದ ಮಟ್ಟ ನೋಡೂ ರಸಮಟ್ಟ ಇಸಗೊಂಡು ಬರತೇನಿ. ಟಿವಿನೂ ಸರಿ ಮಾಡೂಣು, ಆಯಿನ್ನೂ ಸರಿ ಮಾಡೂಣು,’ ಅಂದರು. ಚಹಾ ಕುಡಿದು ಹೋದರು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ, ಸ್ಟೂಲಿನ ಮೇಲೆ ಕೂತಲ್ಲೇ ಹೋದರು. ಎದೆ. ಎದುರಿನ ಅಂಗಡಿಯವರು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು ‘ಕರೆಂಟ ಹೊಡೀತೇನು?’ ಅಂತ. ಅಲ್ಲ ಅಂದರು, ಪ್ಲಗ್ ಕಿತ್ತೇ ಇತ್ತು. ಇಷ್ಟುದ್ದ ಪಟ್ಟಿ ಮಾಡಿದವನು ನಾನು. ಹಲ್ಲಿಯನ್ನೂ ಬಿಟ್ಟಿರಲಿಲ್ಲ. ಕಾಕಾನ್ನ ಸೇರಿಸಿರಲಿಲ್ಲ.

ಅವರ ಮನೆಯಂಗಳದಲ್ಲಿ ಮಲಗಿಸಿದ್ದರು. ಎರಡೂ ಕೈ ಎದೆಯ ಮೇಲೆ ಜೋಡಿಸಿದ್ದರು. ಸುರೇಬಾನದಿಂದ ಅವರ ತಂಗಿ ಬಂದಿದ್ದಳು, ಎಮ್ಮೆಯ ಒಡತಿ. ‘ಟಿವಿ ಬಂತಂತಲ್ಲೋ ಯಪ್ಪಾ, ಹುಡಿಗಿ ಆಡಿದ್ಲಂತ. ನಮ್ಮಣ್ಣ ಫೋನ್ ಮಾಡಿ ಹೇಳಿದ್ದ,’ ಅಂದಳು. ನಾನು ಹೂಂ ಅಂದೆ. ಆ ಎಡಗೈ ನೋಡುತ್ತ ನಿಂತೆ. ಕಾಳಿನಷ್ಟು ಕಲೆ.

ಮಗಳು ದಿನಾ ಸಂಜೆ ಅರ್ಧ ತಾಸು ಆಡುತ್ತಾಳೆ, ದೀಪ ಹಚ್ಚಿಕೊಂಡು, ಕರಿ ಟೇಪಿನ ಹಿಂದೆ. ನಾನು ಹಿಂದೆ ನಿಂತಿರುತ್ತೇನೆ. ಹೆದರಿಕೆ ಹೋಗಿಲ್ಲ, ಹೋಗುವ ಜಾತಿಯದಲ್ಲ. ಆದರೆ ಈಗೀಗ ನನ್ನ ಎಡಗೈ ತಾನಾಗಿ ಕಿಸೆಗೆ ಹೋಗುತ್ತದೆ. ಸುರಂಗ ಬಂದಾಗ ಮಾತ್ರ ಎರಡೂ ಹೊರಗೆ ಬರುತ್ತವೆ. ಕಾಕಾ ಹೇಳಿಟ್ಟಿದ್ದರಂತೆ, ಮೊನ್ನೆ ಗೌಂಡಿ ರಸಮಟ್ಟ ತಂದಿದ್ದ. ಮಗಳು ಬ್ಯಾಡ ಅಂತ ತಲೆ ಅಲ್ಲಾಡಿಸಿದಳು. ಚಹಾ ಕುಡಿಸಿ ಕಳಿಸಿದೆವು.

ಹೊಸ ಟಿವಿಯಲ್ಲಿ ಕೆಟ್ಟದ್ದು ಅಂದರೆ ಇದೊಂದೇ. ಮೇಲೆ ಆಯಿ, ಕೆಳಗೆ ಟಿವಿ, ಎರಡೂ ಅರ್ಧ ಬೆರಳು ಎಡಕ್ಕೆ.